ಡಿಸ್ಕ್ ಬ್ರೇಕಿನ ಅಜ್ಜ ಫ್ರೆಡರಿಕ್ ಲ್ಯಾಂಚೆಸ್ಟರ್

ಕಾಲೇಜಿನ ಪಾರ್ಕಿಂಗ್‌ನಲ್ಲಿ ನಿಂತಿರೋ ಬೈಕುಗಳ ಮುಂದಿನ ಚಕ್ರ ನೋಡಿ. ಹೊಳೆಯುವ ಒಂದು ತಟ್ಟೆ, ಅದನ್ನ ಎರಡೂ ಕಡೆಯಿಂದ ಹಿಡಿಯೋಕೆ ಒಂದು ಕ್ಯಾಲಿಪರ್. ಇಷ್ಟು ಸರಳವಾದ ಉಪಾಯ ಮೊನ್ನೆ ಮೊನ್ನೆ ಬಂದಿದ್ದು ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿರುತ್ತೇವೆ. ಆದರೆ ಕಾರಿಗೆ ಇಂಥ ಬ್ರೇಕ್ ಹಾಕಬಹುದು ಅಂತ ಇಂಗ್ಲೆಂಡಿನ ಒಬ್ಬ ಎಂಜಿನಿಯರ್ ಪೇಟೆಂಟ್ ಪಡೆದಿದ್ದು 1902ರಲ್ಲಿ. ಅವರ ಹೆಸರು ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್.

ಈ ಸಂಚಿಕೆಗೆ ನಾವು ಅವರನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಹಳೆ ಕಾರಿಗೆ ದೊಡ್ಡ ಬ್ರೇಕ್ ಹಾಕಿಸಿಕೊಂಡವರು, ಸ್ಪರ್ಧೆಗೆ ಅಂತ ಗಾಡಿ ಕಟ್ಟುವ ವಿದ್ಯಾರ್ಥಿ ತಂಡಗಳು, ಎಲ್ಲರೂ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ ಒಂದೇ. ಡಿಸ್ಕ್ ಸವೆದುಹೋಗಿದೆ, ಕೈಗೆಟುಕುವ ಬೆಲೆಗೆ ಇನ್ನೊಂದು ಎಲ್ಲಿ ಸಿಗುತ್ತೆ? ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಎರಡು ಸಂಗತಿ ಬೇಕು. ಒಂದು, ಡಿಸ್ಕ್ ಬ್ರೇಕ್ ಅನ್ನೋ ಉಪಾಯ. ಇನ್ನೊಂದು, ಒಂದು ಕಾರ್ಖಾನೆಯಲ್ಲಿ ಮಾಡಿದ ಬಿಡಿಭಾಗ ಅರ ಹಿಡಿದು ಉಜ್ಜದೇನೆ ನೇರವಾಗಿ ಬೇರೊಂದು ಗಾಡಿಗೆ ಕೂರಬೇಕು ಅನ್ನೋ ಶಿಸ್ತು. ಇವೆರಡಕ್ಕೂ ದುಡಿದ ಒಬ್ಬನೇ ಮನುಷ್ಯ ಈ ಲ್ಯಾಂಚೆಸ್ಟರ್. ಎರಡರಿಂದಲೂ ಅವರಿಗೆ ಹಣ ಮಾತ್ರ ಬರಲಿಲ್ಲ.

ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನ ಲೂಯಿಶಮ್‌ನಲ್ಲಿ. ತಂದೆ ಹೆನ್ರಿ ವಾಸ್ತುಶಿಲ್ಪಿ. ತಾಯಿ ಆಕ್ಟೇವಿಯಾ ಲ್ಯಾಟಿನ್ ಮತ್ತು ಗಣಿತ ಹೇಳಿಕೊಡುತ್ತಿದ್ದರು. ಎಂಟು ಮಕ್ಕಳಲ್ಲಿ ಇವರು ನಾಲ್ಕನೆಯವರು. ಓದಿದ್ದು ಸೌತಾಂಪ್ಟನ್ನಿನ ಹಾರ್ಟ್ಲಿ ಸಂಸ್ಥೆಯಲ್ಲಿ, ಆಮೇಲೆ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ವಿಜ್ಞಾನ ಶಾಲೆಯಲ್ಲಿ. ಅಲ್ಲಿ ಎಂಜಿನಿಯರಿಂಗ್ ಪಾಠ ಸಾಲದು ಅನ್ನಿಸಿದಾಗ ಸಂಜೆ ಹೊತ್ತು ಫಿನ್ಸ್‌ಬರಿಯ ತಾಂತ್ರಿಕ ಶಾಲೆಗೆ ಹೋಗಿ ಕಲಿತರು. ಕೊನೆಗೆ ಪದವಿ ಇಲ್ಲದೇನೇ ಹೊರಬಿದ್ದರು. ಬ್ಯಾಕ್‌ಲಾಗ್ ಇರೋ ಗೆಳೆಯರು ಇದನ್ನ ಓದಿ ಖುಷಿಪಡೋದು ಬೇಡ. ಪದವಿ ಇರಲಿಲ್ಲ ನಿಜ, ಆದರೆ ಅಷ್ಟು ಹೊತ್ತಿಗೆ ಗಣಿತವೂ ವರ್ಕ್‌ಶಾಪೂ ಎರಡೂ ಅವರ ಕೈವಶ ಆಗಿದ್ದವು.

ಮೊದಲ ಕೆಲಸ ಪೇಟೆಂಟ್ ಚಿತ್ರ ಬರೆಯೋದು, ವಾರಕ್ಕೆ ಮೂರು ಪೌಂಡ್. 1889ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸಾಲ್ಟ್ಲಿಯಲ್ಲಿದ್ದ ಫಾರ್ವರ್ಡ್ ಗ್ಯಾಸ್ ಎಂಜಿನ್ ಕಂಪನಿಗೆ ಸೇರಿದರು. ಸಂಬಳ ವಾರಕ್ಕೆ ಒಂದು ಪೌಂಡ್! ಕಡಿಮೆ ಸಂಬಳಕ್ಕೆ ಒಪ್ಪಿದರೂ ಕರಾರುಪತ್ರದ ಒಂದು ಸಾಲಿಗೆ ಮಾತ್ರ ಅವರು ಒಪ್ಪಲಿಲ್ಲ. ನೌಕರ ಮಾಡುವ ಸುಧಾರಣೆಗಳೆಲ್ಲ ಕಂಪನಿಯ ಸ್ವತ್ತು ಅಂತ ಅದರಲ್ಲಿತ್ತು. ಸಹಿ ಹಾಕೋ ಮುಂಚೆ ಆ ಸಾಲನ್ನು ಹೊಡೆದುಹಾಕಿದರು. ಆಮೇಲೆ ಗ್ಯಾಸ್ ಎಂಜಿನ್ನಿನ ವೇಗ ನಿಯಂತ್ರಿಸೋ ಒಂದು ಗವರ್ನರ್ ಮಾಡಿ, ಪ್ರತಿ ಎಂಜಿನ್ನಿಗೆ ಹತ್ತು ಶಿಲಿಂಗ್ ರಾಯಧನ ಪಡೆದರು. ಎಂಜಿನ್ ತಾನೇ ಸ್ಟಾರ್ಟ್ ಆಗೋ ಇನ್ನೊಂದು ಸಾಧನ ಮಾಡಿ, ಅದರ ಹಕ್ಕನ್ನು ಕ್ರಾಸ್ಲಿ ಕಂಪನಿಗೆ 3,000 ಪೌಂಡಿಗೆ ಮಾರಿದರು. ಪ್ಲೇಸ್‌ಮೆಂಟ್ ಆಫರ್ ಪತ್ರವನ್ನ ಕೊನೆ ಪುಟದ ತನಕ ಓದಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ಆ ಹಣ ಕಾರಿಗೆ ಹೋಯಿತು. ತಮ್ಮಂದಿರು ಜಾರ್ಜ್ ಮತ್ತು ಫ್ರಾಂಕ್ ಜೊತೆಗಿದ್ದರು. 1896ರ ಆರಂಭದಲ್ಲಿ ಅವರ ಮೊದಲ ಕಾರು ರಸ್ತೆಗೆ ಇಳಿಯಿತು. ಪೂರ್ತಿ ಬ್ರಿಟನ್ನಿನಲ್ಲೇ ರೂಪುಗೊಂಡ ಮೊದಲ ನಾಲ್ಕು ಚಕ್ರದ ಪೆಟ್ರೋಲ್ ಕಾರು ಅಂತ ಅದನ್ನ ಕರೀತಾರೆ. ತಮಾಷೆ ಅಂದ್ರೆ, ಯಂತ್ರದ ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದುಕೊಂಡು ಹೋಗಬೇಕು ಅನ್ನೋ ಕಾನೂನು ಆ ವರ್ಷದ ನವೆಂಬರ್ ತನಕ ಬ್ರಿಟನ್ನಿನಲ್ಲಿ ಜಾರಿಯಲ್ಲಿತ್ತು. ಅಂಥ ಕಾಲದಲ್ಲಿ ಕುದುರೆಗಾಡಿಗೆ ಎಂಜಿನ್ ಕಟ್ಟದೆ, ಕಾರನ್ನ ಕಾರು ಅಂತಲೇ ಮೊದಲಿನಿಂದ ಯೋಚಿಸಿ ಕಟ್ಟಿದ್ದು ಅವರ ಹೆಚ್ಚುಗಾರಿಕೆ.

1899ರ ಡಿಸೆಂಬರ್‌ನಲ್ಲಿ ಲ್ಯಾಂಚೆಸ್ಟರ್ ಎಂಜಿನ್ ಕಂಪನಿ ಶುರುವಾಯಿತು. ಕಾರ್ಖಾನೆ ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರೂಕ್‌ನಲ್ಲಿ. ಆಗಿನ ಕಾರು ತಯಾರಿಕೆ ಹೇಗಿತ್ತು ಅಂತ ಒಂದು ಮಾತು ಹೇಳಬೇಕು. ಫಿಟ್ಟರ್ ಅಂದರೆ ಆಗ ನಿಜವಾಗಿಯೂ ಫಿಟ್ ಮಾಡೋನು. ಪ್ರತಿ ಭಾಗವನ್ನೂ ಅರದಿಂದ ಉಜ್ಜಿ, ಕೂರಿಸಿ, ತೆಗೆದು, ಮತ್ತೆ ಉಜ್ಜಿ, ಆ ಒಂದು ಕಾರಿಗೆ ಮಾತ್ರ ಹೊಂದೋ ಹಾಗೆ ಮಾಡುತ್ತಿದ್ದ. ಆ ಭಾಗ ಮುರಿದರೆ ಇನ್ನೊಂದನ್ನ ಮತ್ತೆ ಕೈಯಲ್ಲೇ ಮಾಡಿಸಬೇಕು. ಲ್ಯಾಂಚೆಸ್ಟರ್ ಇದನ್ನ ಒಪ್ಪಲಿಲ್ಲ. ಪ್ರತಿ ಭಾಗಕ್ಕೂ ನಕ್ಷೆ, ನಕ್ಷೆಯಲ್ಲಿ ಅಳತೆ, ಅಳತೆಗೆ ಮಿತಿ, ಮಿತಿಯೊಳಗೆ ಇದೆಯೋ ಇಲ್ಲವೋ ನೋಡೋಕೆ ಗೇಜ್. ಈ ಕಾರಿನ ಭಾಗ ಬಿಚ್ಚಿ ಆ ಕಾರಿಗೆ ಹಾಕಿದರೆ ಕೂರಬೇಕು. ಇವತ್ತು ಮೊದಲ ವರ್ಷದಲ್ಲೇ ನಾವು ಗೋ, ನೋ-ಗೋ ಗೇಜ್ ಅಂತ ಕಲಿತು ಮರೆತುಬಿಡ್ತೀವಿ. 1900ರ ಆಸುಪಾಸಿನಲ್ಲಿ ಕಾರಿನ ಕಾರ್ಖಾನೆಯೊಂದರಲ್ಲಿ ಇದು ದೊಡ್ಡ ಮಾತಾಗಿತ್ತು.

ಈ ಕಾರುಗಳಿಗೆ ನಮ್ಮ ದೇಶದಲ್ಲೂ ಗಿರಾಕಿಗಳಿದ್ದರು. ರಣಜಿ ಟ್ರೋಫಿಗೆ ಹೆಸರು ಕೊಟ್ಟ ನವಾನಗರದ ಜಾಮ್ ಸಾಹೇಬ ರಣಜಿತ್‌ಸಿಂಹ ಲ್ಯಾಂಚೆಸ್ಟರ್ ಕಾರುಗಳ ದೊಡ್ಡ ಅಭಿಮಾನಿ.

ಈಗ ಬ್ರೇಕಿಗೆ ಬರೋಣ. ಆ ಕಾಲದ ಕಾರುಗಳ ಬ್ರೇಕ್ ಎಂದರೆ ಬಹುಮಟ್ಟಿಗೆ ಡ್ರಮ್ಮಿಗೆ ಸುತ್ತಿದ ಪಟ್ಟಿ, ಇಲ್ಲವೇ ಚಕ್ರಕ್ಕೇ ಒತ್ತುವ ಕಟ್ಟೆ. ಬಿಸಿ ಆದರೆ ಹಿಡಿತ ಹೋಗುತ್ತೆ, ನೀರು ಬಿದ್ದರೂ ಹೋಗುತ್ತೆ. ಲ್ಯಾಂಚೆಸ್ಟರ್ 1902ರಲ್ಲಿ ಬೇರೆ ದಾರಿ ಹಿಡಿದರು. ಹಿಂದಿನ ಚಕ್ರದ ಜೊತೆ ತಿರುಗೋ ಒಂದು ತೆಳುವಾದ ಲೋಹದ ತಟ್ಟೆ. ಅದರ ಅಂಚಿನ ಹತ್ತಿರ ಎರಡೂ ಕಡೆಯಿಂದ ಚಿಮಟದ ಹಾಗೆ ಹಿಡಿಯೋ ಒಂದು ಜೋಡಿ ದವಡೆ. ತಟ್ಟೆ ಬಯಲಲ್ಲೇ ತಿರುಗೋದರಿಂದ ಗಾಳಿಗೆ ಬೇಗ ತಣ್ಣಗಾಗುತ್ತೆ. ಎರಡೂ ಕಡೆ ಸಮನಾಗಿ ಒತ್ತೋದರಿಂದ ತಟ್ಟೆಯನ್ನ ಒಂದು ಪಕ್ಕಕ್ಕೆ ದಬ್ಬೋ ಬಲ ಉಳಿಯೋದಿಲ್ಲ. ಅಂಚಿನಲ್ಲಿ ಹಿಡಿಯೋದರಿಂದ ಕಡಿಮೆ ಬಲಕ್ಕೆ ಹೆಚ್ಚು ಟಾರ್ಕ್ ಸಿಗುತ್ತೆ. ಇವತ್ತು ದೊಡ್ಡ ಡಿಸ್ಕ್ ಹಾಕಿಸಿಕೊಳ್ಳೋರು ಹೇಳೋ ಕಾರಣಗಳೂ ಇವೇ ಅಲ್ವಾ?

ಹಾಗಾದರೆ ಯಾಕೆ ಗೆಲ್ಲಲಿಲ್ಲ? ತಟ್ಟೆಗೆ ಉಜ್ಜೋ ವಸ್ತು ಸಿಗಲಿಲ್ಲ. ಆಗ ಅವರ ಕೈಗೆ ಸಿಕ್ಕಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿದರೆ ಕಿವಿ ಕಿತ್ತುಹೋಗೋ ಕಿರುಚಾಟ. ರಸ್ತೆಗಳೋ ಮಣ್ಣು, ಧೂಳು. ಆ ಧೂಳು ತಾಮ್ರದ ಮತ್ತು ತಟ್ಟೆಯ ನಡುವೆ ಸಿಕ್ಕಿ ಮರಳು ಕಾಗದದ ಕೆಲಸ ಮಾಡುತ್ತಿತ್ತು. ತಾಮ್ರ ಬೇಗ ಸವೆಯುತ್ತಿತ್ತು, ಮತ್ತೆ ಮತ್ತೆ ಬದಲಾಯಿಸಬೇಕಿತ್ತು. ಉಪಾಯ ಸರಿಯಾಗಿತ್ತು, ರೇಖಾಚಿತ್ರ ಸರಿಯಾಗಿತ್ತು. ಸವೆದಾಗ ಅಗ್ಗವಾಗಿ ಬದಲಾಯಿಸೋಕೆ ಒಂದು ಸಾಮಾನು ಇರಲಿಲ್ಲ, ಅಷ್ಟೇ. ಅಷ್ಟಕ್ಕೇ ಡಿಸ್ಕ್ ಬ್ರೇಕ್ ಅರ್ಧ ಶತಮಾನ ಮೂಲೆ ಸೇರಿತು.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲೇ ಹರ್ಬರ್ಟ್ ಫ್ರೂಡ್ ಅನ್ನೋ ಇನ್ನೊಬ್ಬರು ಕುದುರೆಗಾಡಿಗಳ ಬ್ರೇಕ್ ಕಟ್ಟೆಗೆ ಒಳ್ಳೆ ಹೊದಿಕೆ ಹುಡುಕುತ್ತಿದ್ದರು. ಅವರು ಕಟ್ಟಿದ ಕಂಪನಿಯೇ ಫೆರೋಡೊ. ಕಲ್ನಾರು ಬೆರೆಸಿದ ಲೈನಿಂಗ್‌ಗಳು ಅವರ ಕಡೆಯಿಂದ ಬಂದಿದ್ದು 1908ರ ಸುಮಾರಿಗೆ. ಕಿರುಚಾಟವೂ ಸವೆತವೂ ಕಡಿಮೆಯಾದವು. ಆದರೆ ಅಷ್ಟರಲ್ಲಿ ಜಗತ್ತು ಡ್ರಮ್ ಬ್ರೇಕಿಗೆ ಒಗ್ಗಿಹೋಗಿತ್ತು. ಕಲ್ನಾರು ಶ್ವಾಸಕೋಶಕ್ಕೆ ವಿಷ ಅಂತ ಜಗತ್ತು ಒಪ್ಪಿಕೊಂಡಿದ್ದು ಇನ್ನೂ ಎಷ್ಟೋ ಕಾಲ ಆದಮೇಲೆ.

ಕಂಪನಿಯ ಕಡೆ ನೋಡಿದರೆ 1904 ಕೆಟ್ಟ ವರ್ಷ. ಆರ್ಡರ್‌ಗಳು ತುಂಬಿದ್ದವು, ಬಂಡವಾಳ ಮಾತ್ರ ಇರಲಿಲ್ಲ. ಕಂಪನಿ ರಿಸೀವರ್ ಕೈಗೆ ಹೋಯಿತು, ಆಮೇಲೆ ಲ್ಯಾಂಚೆಸ್ಟರ್ ಮೋಟಾರ್ ಕಂಪನಿ ಅಂತ ಹೊಸ ಹೆಸರಲ್ಲಿ ಎದ್ದಿತು. ಸಂಸ್ಥಾಪಕರಿಗೆ ಮಾತ್ರ ಅಲ್ಲಿ ಹಿಂದಿನ ಹಿಡಿತ ಉಳಿಯಲಿಲ್ಲ. 1909ರಿಂದ ಅವರು ಡೈಮ್ಲರ್ ಕಂಪನಿಗೆ ತಾಂತ್ರಿಕ ಸಲಹೆಗಾರರಾದರು. ಎಂಜಿನ್ನಿನ ಕಂಪನ ತಡೆಯೋ ಡ್ಯಾಂಪರ್, ಎಂಜಿನ್ನಿನ ಎರಡರಷ್ಟು ವೇಗದಲ್ಲಿ ಎದುರು ಬದುರು ತಿರುಗೋ ಬ್ಯಾಲೆನ್ಸ್ ಶಾಫ್ಟ್‌ಗಳು, ಇವೆಲ್ಲ ಅವರ ತಲೆಯಿಂದ ಬಂದವು. ಇವತ್ತಿಗೂ ಎಷ್ಟೋ ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಆ ಶಾಫ್ಟ್‌ಗಳು ತಿರುಗುತ್ತಿವೆ.

ಕಾರು ಅವರ ಅರ್ಧ ಬದುಕು ಅಷ್ಟೇ. ರೆಕ್ಕೆ ಹೇಗೆ ಮೇಲೆತ್ತುತ್ತೆ ಅನ್ನೋದರ ಬಗ್ಗೆ ಅವರು ಬರೆದ ಪ್ರಬಂಧವನ್ನು ಲಂಡನ್ನಿನ ಫಿಸಿಕಲ್ ಸೊಸೈಟಿ 1897ರಲ್ಲಿ ತಿರಸ್ಕರಿಸಿತು. ರೈಟ್ ಸೋದರರು ಹಾರೋಕೆ ಆಗ ಇನ್ನೂ ಆರು ವರ್ಷ ಬಾಕಿ ಇತ್ತು. 1907 ಮತ್ತು 1908ರಲ್ಲಿ ಅದೇ ವಿಚಾರಗಳನ್ನ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ರೆಕ್ಕೆಯ ತುದಿಯಲ್ಲಿ ಸುಳಿಗಳು ಏಳುತ್ತವೆ ಅನ್ನೋದನ್ನ ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದುವಾಗ ಜರ್ಮನಿಯ ಪ್ರಾಂಟ್ಲ್ ಹೆಸರು ಕೇಳ್ತೀವಿ. ಆ ದಾರಿಯಲ್ಲಿ ಮೊದಲು ನಡೆದವರು ಇವರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಯ ಬಲ ಅದರ ಸಂಖ್ಯೆಯ ವರ್ಗಕ್ಕೆ ಅನುಗುಣ ಅನ್ನೋ ಗಣಿತವನ್ನೂ ಬರೆದರು. ಇಂದಿನ ಆಪರೇಷನ್ಸ್ ರಿಸರ್ಚ್ ಅದನ್ನ ತನ್ನ ಬೇರುಗಳಲ್ಲಿ ಒಂದು ಅಂತ ನೆನೆಯುತ್ತೆ.

ಗೌರವಗಳು ಬಂದವು, ತಡವಾಗಿ. 1919ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1922ರಲ್ಲಿ ರಾಯಲ್ ಸೊಸೈಟಿಯ ಫೆಲೋ, 1931ರಲ್ಲಿ ಗುಗ್ಗೆನ್‌ಹೈಮ್ ಪದಕ. 1919ರಲ್ಲೇ ಡೊರೊಥಿಯಾ ಕೂಪರ್ ಅವರನ್ನು ಮದುವೆಯಾದರು, ಮಕ್ಕಳಾಗಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಮೋಸ್ಲಿಯಲ್ಲಿ ಮನೆ ಕಟ್ಟಿಕೊಂಡರು. 1925ರಲ್ಲಿ ಪ್ರಯೋಗಾಲಯ ತೆಗೆದು ಧ್ವನಿವರ್ಧಕ ಮಾಡೋಕೆ ಹೊರಟರು, ಅದೂ ದುಡ್ಡು ತರಲಿಲ್ಲ. ಅವರ ಹೆಸರಿನ ಕಾರು ಕಂಪನಿ 1931ರಲ್ಲಿ ಡೈಮ್ಲರ್ ಬಳಗದ ಪಾಲಾಯಿತು. ಪಾರ್ಕಿನ್ಸನ್ ಕಾಯಿಲೆ ಕೈ ನಡುಗಿಸಿತು, ಕಣ್ಣೂ ಮಂದವಾಯಿತು. ಕೊನೆಗಾಲದಲ್ಲಿ ಮನೆ ಉಳಿಸಿಕೊಳ್ಳೋಕೂ ಮೋಟಾರು ಉದ್ಯಮದವರ ಧನಸಹಾಯ ಬೇಕಾಯಿತು. 1946ರ ಮಾರ್ಚ್ 8ರಂದು ಅದೇ ಮನೆಯಲ್ಲಿ ತೀರಿಕೊಂಡರು.

ಏಳು ವರ್ಷ ಕಳೆಯಿತು. 1953ರ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ಡನ್ಲಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಗಂಟೆಗೆ 100 ಮೈಲಿಗೂ ಮೀರಿದ ಸರಾಸರಿ ವೇಗದ ಗೆಲುವು ಅಲ್ಲಿ ಅದೇ ಮೊದಲು. ಬೇರೆಯವರು ತಿರುವಿಗೆ ಎಷ್ಟೋ ಮುಂಚೆಯೇ ಬ್ರೇಕ್ ಒತ್ತಬೇಕಿದ್ದಲ್ಲಿ ಜಾಗ್ವಾರ್‌ನವರು ತಡವಾಗಿ ಒತ್ತಬಹುದಿತ್ತು, ಅದೂ ಇಡೀ ರಾತ್ರಿ. 1955ರಲ್ಲಿ ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಡಿಸ್ಕ್ ಹೊತ್ತು ಮನೆಮಂದಿ ಓಡಾಡೋ ಕಾರಾಗಿ ಬಂತು. 1902ರ ಪೇಟೆಂಟಿನ ಅವಧಿ ಯಾವಾಗಲೋ ಮುಗಿದಿತ್ತು. ಚಿಮಟ ಹಿಡಿಯೋ ಉಪಾಯ ಮಾತ್ರ ಹಾಗೇ ಇತ್ತು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಅಗ್ಗದ ಡಿಸ್ಕ್ ಎಲ್ಲಿ? ಲ್ಯಾಂಚೆಸ್ಟರ್ ಬದುಕು ಓದಿದ ಮೇಲೆ ನಮಗೆ ತೋಚಿದ ಉತ್ತರ, ಅಂಗಡಿಗಿಂತ ಮೊದಲು ನಕ್ಷೆಯಲ್ಲಿ ಹುಡುಕಬೇಕು ಅನ್ನೋದು.

ಡಿಸ್ಕ್ ಒಂದು ಎರಕದ ಕಬ್ಬಿಣದ ತಟ್ಟೆ. ಬೂದು ಎರಕದ ಕಬ್ಬಿಣ ಅಗ್ಗ, ಶಾಖವನ್ನ ಚೆನ್ನಾಗಿ ಹರಿಸುತ್ತೆ, ಒಳಗಿರೋ ಗ್ರಾಫೈಟ್ ಪದರಗಳು ಕಂಪನವನ್ನ ನುಂಗುತ್ತವೆ. ಹಾಗಾಗಿ ದುಬಾರಿ ಆಗೋದು ಕಬ್ಬಿಣದಿಂದ ಅಲ್ಲ, ಅಳತೆ ಅಪರೂಪದ್ದಾದಾಗ. ಲಕ್ಷಗಟ್ಟಲೆ ಓಡೋ ಕಾರಿನ ಡಿಸ್ಕ್ ಹಲವಾರು ಕಂಪನಿಗಳು ಮಾಡ್ತವೆ, ಬೆಲೆ ಇಳಿಯುತ್ತೆ. ಒಂದೇ ಕಿಟ್ಟಿಗೆ ಅಂತ ಮಾಡಿದ ಡಿಸ್ಕ್ ಒಬ್ಬರ ಹತ್ತಿರ ಮಾತ್ರ ಸಿಗುತ್ತೆ, ಅವರು ಹೇಳಿದ್ದೇ ಬೆಲೆ. ಅವರು ಬಾಗಿಲು ಹಾಕಿದರೆ ನಿಮ್ಮ ಕ್ಯಾಲಿಪರ್ ಅಲಂಕಾರದ ವಸ್ತು.

ಅದಕ್ಕೇ ಬ್ರೇಕ್ ದೊಡ್ಡದು ಮಾಡಿಸೋ ಮುಂಚೆ ಡಿಸ್ಕಿನ ಐದು ಅಳತೆ ಬರೆದಿಟ್ಟುಕೊಳ್ಳಿ. ಹೊರಗಿನ ವ್ಯಾಸ, ದಪ್ಪ, ಟೋಪಿಯೂ ಸೇರಿದ ಒಟ್ಟು ಎತ್ತರ, ನಡುವಿನ ರಂಧ್ರದ ವ್ಯಾಸ, ಬೋಲ್ಟ್ ರಂಧ್ರಗಳ ಸಂಖ್ಯೆ ಮತ್ತು ಅವು ಕೂರೋ ವೃತ್ತದ ವ್ಯಾಸ. ಡಿಸ್ಕ್ ತಯಾರಕರ ಕ್ಯಾಟಲಾಗುಗಳಲ್ಲಿ ಈ ಅಳತೆಗಳು ಇರುತ್ತವೆ. ನಿಮ್ಮ ಕಾರಿನ ಹೆಸರು ಹಿಡಿದು ಹುಡುಕಿದರೆ ಸಿಗದ ಡಿಸ್ಕ್, ಅಳತೆ ಹಿಡಿದು ಹುಡುಕಿದರೆ ಬೇರೆ ಯಾವುದೋ ಸಾಮಾನ್ಯ ಕಾರಿನ ಹೆಸರಲ್ಲಿ ಕೂತಿರುತ್ತೆ. ಅದೇ ಕಂಪನಿಯ ದೊಡ್ಡ ಮಾಡೆಲ್ಲಿನ ಡಿಸ್ಕ್ ಮತ್ತು ಕ್ಯಾಲಿಪರ್ ಜೋಡಿಯನ್ನೇ ಹಾಕಿಸಿಕೊಂಡವರಿಗೆ ಈ ಹುಡುಕಾಟವೂ ಬೇಕಿಲ್ಲ. ಡಿಸ್ಕ್ ಎರಡು ತುಂಡಿನದಾಗಿದ್ದರೆ, ಅಂದರೆ ಅಲ್ಯೂಮಿನಿಯಂ ಟೋಪಿಗೆ ಕಬ್ಬಿಣದ ಉಂಗುರ ಬೋಲ್ಟ್ ಮಾಡಿದ್ದರೆ, ಪ್ಯಾಡ್ ಉಜ್ಜಿ ಸವೆಯೋದು ಉಂಗುರ ಮಾತ್ರ. ಟೋಪಿ ನೆಟ್ಟಗಿದ್ದರೆ ಉಂಗುರವೊಂದನ್ನೇ ಕೊಳ್ಳಬಹುದು.

ಎಲ್ಲಿ ಉಳಿಸಬಾರದು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. 1,000 ಕೆಜಿ ಕಾರು ಗಂಟೆಗೆ 100 ಕಿಮೀ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 386 ಕಿಲೋಜೂಲ್. ಅದರಲ್ಲಿ 70 ಪ್ರತಿಶತ ಮುಂದಿನ ಎರಡು ಡಿಸ್ಕಿಗೆ ಹೋಯಿತು, ಒಂದೊಂದೂ 5 ಕೆಜಿ ಅಂತಿಟ್ಟುಕೊಳ್ಳಿ. ಒಂದೇ ಸಲ ನಿಲ್ಲಿಸಿದರೆ ಡಿಸ್ಕ್ ಸುಮಾರು 54 ಡಿಗ್ರಿ ಬಿಸಿಯೇರುತ್ತೆ. ಅದೇ ಕಾರು ಆಗುಂಬೆಯಂಥ ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ ಹೊರಬೀಳೋ ಶಕ್ತಿ 4,900 ಕಿಲೋಜೂಲ್, ಅಂದರೆ ಅಂಥ ಹನ್ನೆರಡಕ್ಕೂ ಹೆಚ್ಚು ನಿಲುಗಡೆ. ಎಂಜಿನ್ ಬ್ರೇಕಿಂಗ್ ಬಳಸದಿದ್ದರೆ ಹೆಚ್ಚಿನ ಭಾಗ ಹೋಗೋದು ಆ ಕಬ್ಬಿಣದೊಳಕ್ಕೇ.

ಆದ್ದರಿಂದ ತೂಕ ಕಡಿಮೆ ಇರೋ, ಹೆಸರಿಲ್ಲದ ಡಿಸ್ಕ್ ಬೇಡ. ಚಂದಕ್ಕೆ ತೂತು ಕೊರೆದ ಅಗ್ಗದ ಡಿಸ್ಕ್ ಬೇಡ, ಬಿಸಿ ತಣಿವಿನ ಆಟದಲ್ಲಿ ಬಿರುಕು ಶುರುವಾಗೋದು ಆ ತೂತುಗಳಿಂದಲೇ. ರಸ್ತೆಯಲ್ಲಿ ಓಡಿಸೋಕೆ ಒಳಗೆ ಗಾಳಿ ಹರಿಯೋ ಸಾದಾ ಡಿಸ್ಕ್ ಧಾರಾಳವಾಗಿ ಸಾಕು. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಬರೆದಿರುತ್ತೆ, ಅದಕ್ಕಿಂತ ಸವೆದದ್ದನ್ನ ಲೇತಿಗೆ ಹಾಕಿಸಿ ಉಳಿಸೋಕೆ ಹೋಗಬೇಡಿ. ಹೊಸದನ್ನ ಕೂರಿಸೋ ಮುಂಚೆ ಹಬ್ಬಿನ ತುಕ್ಕು ಉಜ್ಜಿ ತೆಗೆಯಿರಿ. 150 ಮಿಮೀ ಹಬ್ಬಿನ ಮುಖದಲ್ಲಿ 0.05 ಮಿಮೀ ತುಕ್ಕು ಉಳಿದರೆ, 300 ಮಿಮೀ ಡಿಸ್ಕಿನ ಅಂಚಿನಲ್ಲಿ ಅದು 0.1 ಮಿಮೀ ಓಲಾಟ. ಸ್ವಲ್ಪ ದಿನಕ್ಕೆ ಪೆಡಲ್ ನಡುಗೋಕೆ ಅಷ್ಟು ಸಾಕು. ಆಗ ಡಿಸ್ಕ್ ಮಾಡಿದವರನ್ನ ಬೈದು ಪ್ರಯೋಜನ ಇಲ್ಲ.

ಪದವಿ ಇಲ್ಲದ ಆ ಮನುಷ್ಯನ ಹೆಸರಲ್ಲಿ ಮುಂದೆ ಕೊವೆಂಟ್ರಿಯಲ್ಲಿ ಒಂದು ಪಾಲಿಟೆಕ್ನಿಕ್ ನಡೆಯಿತು. ಅದು ಈಗ ಕೊವೆಂಟ್ರಿ ವಿಶ್ವವಿದ್ಯಾಲಯ. ಅದಕ್ಕಿಂತ ದೊಡ್ಡ ಸ್ಮಾರಕ ನಮ್ಮ ಊರಿನ ಬಿಡಿಭಾಗದ ಅಂಗಡಿಗಳಲ್ಲೇ ಇದೆ ಅಂತ ನಮಗನ್ನಿಸುತ್ತೆ. ಯಾರೋ ಎಲ್ಲೋ ಎರಕ ಹೊಯ್ದ ಒಂದು ತಟ್ಟೆಯನ್ನ ಡಬ್ಬದಿಂದ ತೆಗೆದು, ಹಬ್ಬಿನ ಮೇಲಿಟ್ಟರೆ, ಅರ ಮುಟ್ಟದೇನೆ ಅದು ಸರಿಯಾಗಿ ಕೂರುತ್ತೆ. ಸಾಮಾನ್ಯ ಸಂಬಳದವರ ಕಾರೂ ಸುರಕ್ಷಿತವಾಗಿ ನಿಲ್ಲುತ್ತೆ ಅಂದ್ರೆ ಅದು ಇದರಿಂದಲೇ. ಮುಂದಿನ ಸಲ ನಿಮ್ಮ ಪ್ರಾಜೆಕ್ಟಿಗೆ ಒಂದು ಭಾಗ ಬರೆಯುವಾಗ ಆ ಅಳತೆಯ ಸಾಮಾನು ಪೇಟೆಯಲ್ಲಿ ಆಗಲೇ ಇದೆಯಾ ಅಂತ ಒಮ್ಮೆ ನೋಡಿ, ಆಮೇಲೆ ಪೆನ್ಸಿಲ್ ಹಿಡೀರಿ.